ಕಾಲು ಮೈಲಿ

"ಹದಿನಾಲ್ಕು ಸಲ ರೇಸ್ ಓಡಿಸಿ ಒಂಬತ್ತು ಸಲ ಗೆದ್ದವರು ನಮ್ಮಪ್ಪ," ಎಂದು ಓದಿ, ಅಣ್ಣನ ಮಗ ಹಾಳೆ ಮಗುಚಿದ.

ಮೂರನೇ ಸಾಲಿನಲ್ಲಿ ಕುಳಿತಿದ್ದ ಗುಬ್ಬಿ ಮನಸ್ಸಿನಲ್ಲೇ ತಿದ್ದಿದಳು: ಹದಿಮೂರು. ಒಂದು ಭಾನುವಾರ ಹೊರಡುವ ಗೆರೆಯ ಮೇಲೇ ಗಾಡಿಯ ಚೈನು ತುಂಡಾಗಿತ್ತು, ಅದು ಓಟವಲ್ಲ. ಎಪ್ಪತ್ತು ತುಂಬಿದ ಅವಳನ್ನು ಇನ್ನೂ ಗುಬ್ಬಿ ಎಂದು ಕರೆಯುವವರು ಇಬ್ಬರೇ ಇದ್ದರು. ಒಬ್ಬ ಮುಂದೆ ಪೆಟ್ಟಿಗೆಯಲ್ಲಿ ಮಲಗಿದ್ದ ಅಣ್ಣ. ಇನ್ನೊಬ್ಬ, ಜೀವಮಾನವೆಲ್ಲ ಲೇತ್ ಮುಂದೆ ನಿಂತು ಸೊಂಟ ಕೆಡಿಸಿಕೊಂಡಿದ್ದ ಅಣ್ಣನ ಗೆಳೆಯ ಟರ್ನರ್. ಅವನು ಪಕ್ಕದ ಕುರ್ಚಿಯಲ್ಲಿ ಕೋಲಿನ ಮೇಲೆ ಗದ್ದ ಊರಿಕೊಂಡು, ಕಣ್ಣಂಚಿನಿಂದ ಅವಳನ್ನೇ ನೋಡುತ್ತಿದ್ದ.

ಚಿತಾಗಾರದ ಆ ಹಾಲ್‌ನಲ್ಲಿ ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಹೊರಗೆ ಇನ್ನೊಂದು ಮನೆಯವರು ಆಗಲೇ ಬಂದು ಕಾಯುತ್ತಿದ್ದರು. ಮಗ ಅಪ್ಪನ ಬದುಕನ್ನು ಎರಡು ಹಾಳೆಗೆ ಇಳಿಸಿಕೊಂಡು ಬಂದಿದ್ದ. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಫಿಟ್ಟರ್ ಕೆಲಸ, ಒಂದು ದಿನವೂ ತಡವಾಗಿ ಹೋದವರಲ್ಲ. ಊಟಕ್ಕೆ ಕೂತರೆ ಮಾತಿಲ್ಲ. ಕೊನೆಯ ಐದು ವರ್ಷ ಷೆಡ್ಡಿನಲ್ಲೇ ಕಳೆದು, ತುಕ್ಕಿನ ರಾಶಿಯಾಗಿದ್ದ ತಮ್ಮ ರೇಸ್ ಮೋಟರ್‌ಸೈಕಲ್‌ಗೆ ಮತ್ತೆ ಜೀವ ಕೊಟ್ಟರು. ರೇಸಿನ ಮಾತು ಬಂದಾಗಲೆಲ್ಲ ಮೊದಲ ಸಾಲಿನಲ್ಲಿದ್ದ ಅತ್ತಿಗೆಯ ಬಾಗಿದ ಬೆನ್ನು ನೆಟ್ಟಗಾಗುತ್ತಿತ್ತು.

ಹಾಳೆ ಮುಗಿಯಿತು. ಅಪ್ಪ ಓಡಿಸಿದ್ದನ್ನು ಕಣ್ಣಾರೆ ಕಂಡವರು ಇಲ್ಲೊಬ್ಬರಿದ್ದಾರೆ, ಅವರು ಎರಡು ಮಾತಾಡಬೇಕು ಎಂದು ಮಗ ಟರ್ನರ್ ಕಡೆ ಕೈ ತೋರಿಸಿದ. ಟರ್ನರ್ ಅರ್ಧ ಎದ್ದು ಗುಬ್ಬಿಯ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು, ಎಷ್ಟು ಸಣ್ಣಗೆಂದರೆ ನೊಣ ಓಡಿಸಿದ ಹಾಗೆ.

"ನನಗೆ ಮಾತು ಬರಲ್ಲ," ಎಂದ ಟರ್ನರ್. "ಅವನು ಕಟ್ಟಿದ ಇಂಜಿನ್ನಿನ ಸದ್ದು ಈಗಲೂ ಕಿವೀಲಿದೆ. ಅಷ್ಟೇ."

ಜನ ಕಣ್ಣೊರೆಸಿಕೊಂಡರು. ಗುಬ್ಬಿಗೆ ಕಣ್ಣೀರು ಬರಲಿಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿದ ಗಂಡನನ್ನು ಬೆಳಿಗ್ಗೆ ಐದಕ್ಕೆದ್ದು ಒರೆಸಿ, ಉಣಿಸಿ, ಪಕ್ಕದ ಮನೆಯಾಕೆಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು.

*

ಐವತ್ತು ವರ್ಷದ ಹಿಂದೆ ಊರಾಚೆ ಒಂದು ರನ್‌ವೇ ಇತ್ತು. ವಿಮಾನಗಳು ಅಲ್ಲಿಗೆ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿ, ಬಿರುಕುಗಳಲ್ಲಿ ಹುಲ್ಲು ಎದ್ದಿತ್ತು. ಭಾನುವಾರಗಳಂದು ಅದರ ಮೇಲೆ ಎರಡು ಸುಣ್ಣದ ಗೆರೆ ಎಳೆದು, ನಡುವಿನ ಕಾಲು ಮೈಲಿಯನ್ನು ಯಾರು ಮೊದಲು ಮುಗಿಸುತ್ತಾರೋ ನೋಡುತ್ತಿದ್ದರು. ತಿರುವಿಲ್ಲ, ದಿಣ್ಣೆಯಿಲ್ಲ. ನೇರ ಹೋಗಬೇಕು, ನಿಲ್ಲಬೇಕು. ಹನ್ನೆರಡು, ಹದಿಮೂರು ಸೆಕೆಂಡಿನ ಮಾತು.

ಅಣ್ಣ ಅದಕ್ಕೆಂದೇ ಹಳೆಯ ಮೋಟರ್‌ಸೈಕಲ್ಲೊಂದನ್ನು ಬಿಚ್ಚಿ ಮತ್ತೆ ಕಟ್ಟಿದ್ದ. ದೀಪ, ಕನ್ನಡಿ, ಮಡ್‌ಗಾರ್ಡು ಎಲ್ಲ ಕಿತ್ತು ಹಾಕಿದ. ಮುಂದಿನ ಬ್ರೇಕೂ ಭಾರವೆಂದು ತೆಗೆದ. ಚೌಕಟ್ಟನ್ನು ಹಿಂದಕ್ಕೆ ಒಂದು ಮೊಳ ಉದ್ದ ಮಾಡಿ, ಸಾಧ್ಯವಿದ್ದ ಕಡೆಯಲ್ಲೆಲ್ಲ ತೂತು ಕೊರೆದು ತೂಕ ಇಳಿಸಿದ. ಕೊನೆಗೆ ಇಳಿಸಲಾಗದೆ ಉಳಿದ ಭಾರವೆಂದರೆ ಅವನೇ. ಅಣ್ಣ ಎಂಬತ್ತು ಕೆಜಿ, ತಂಗಿ ನಲವತ್ತೊಂದು.

ಹೆಂಗಸರಿಗೆ ಗಾಡಿ ಓಡಿಸಲು ಬಿಡುವುದಿಲ್ಲ ಎಂಬುದು ಅಲ್ಲಿನ ಸಂಘದ ನಿಯಮ. ಹಾಗಾಗಿ ಹೆಸರು ಅಣ್ಣನದಾಯಿತು, ಮೈ ತಂಗಿಯದಾಯಿತು. ಅವಳು ಅವನ ಜಾಕೆಟ್ಟು ತೊಟ್ಟು, ಹೆಲ್ಮೆಟ್ಟಿನ ಕೆಳಗೆ ಮೂಗಿನವರೆಗೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದಳು. ಟರ್ನರ್ ಹಿಂದಿನಿಂದ ತಳ್ಳಿಕೊಂಡು ಓಡಿ ಇಂಜಿನ್ ಎಬ್ಬಿಸುತ್ತಿದ್ದ. ಓಟ ಮುಗಿದ ಮೇಲೆ ಗಾಡಿ ನೇರ ಲಾರಿಯ ಹಿಂದಕ್ಕೆ. ಅಲ್ಲಿ ಜಾಕೆಟ್ಟು, ಹೆಲ್ಮೆಟ್ಟು ಕೈ ಬದಲಾಗಿ, ಅಣ್ಣ ಬೆವರೊರೆಸಿಕೊಳ್ಳುತ್ತ ಈಚೆ ಬಂದರೆ ಜನ ಮುತ್ತಿಕೊಳ್ಳುತ್ತಿದ್ದರು. ಗಾಡಿ ಹತ್ತಿದರೆ ಕುಗ್ತಾನೆ, ಇಳಿದರೆ ಹಿಗ್ತಾನೆ ಈ ಮಾರಾಯ ಎಂದು ನಗುತ್ತಿದ್ದರೇ ಹೊರತು ಯಾರಿಗೂ ಅನುಮಾನ ಬರಲಿಲ್ಲ.

ಗುಬ್ಬಿಗೆ ಗೆಲುವು ಸೋಲಿನ ನೆನಪು ಈಗ ಅಷ್ಟಾಗಿ ಇಲ್ಲ. ನೆನಪಿರುವುದು ಬೇರೆ. ಟ್ಯಾಂಕಿನ ಮೇಲೆ ಗದ್ದ ಊರಿ ಮಲಗಿದ ಆ ಹನ್ನೆರಡು ಸೆಕೆಂಡು ಅವಳನ್ನು ಯಾರೂ ಯಾವ ಕೆಲಸಕ್ಕೂ ಕರೆಯುತ್ತಿರಲಿಲ್ಲ.

ಎರಡನೇ ವರ್ಷದ ಒಂದು ಸೋಮವಾರ ಷೆಡ್ಡು ಖಾಲಿಯಿತ್ತು. ಮಾರಿದೆ ಎಂದ ಅಣ್ಣ. ಯಾಕೆಂದು ಕೇಳಿದರೆ, ಸಾಕು ಎಂದ. ಅವಳು ಎರಡು ವರ್ಷ ಅವನೊಂದಿಗೆ ಮಾತು ಬಿಟ್ಟಳು. ಆಮೇಲೆ ಮದುವೆ, ಮಕ್ಕಳು, ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಹೊದಿಕೆ ಮಡಚುವ ಕೆಲಸ. ಮಾತು ಬಿಟ್ಟದ್ದು ಯಾಕೆಂಬುದೂ ಮರೆತ ಹಾಗಾಗಿ, ಮತ್ತೆ ಮಾತು ಕೂಡಿತು.

*

ಚಿತಾಗಾರದಿಂದ ಮನೆಗೆ ಬಂದವರಿಗೆಲ್ಲ ಮೊದಲು ಕಂಡದ್ದು ಗಾಡಿ. ಬೆಳಿಗ್ಗೆ ನಾಲ್ಕು ಜನ ಸೇರಿ ಷೆಡ್ಡಿನಿಂದ ಹೊತ್ತು ತಂದು ಬಾಗಿಲ ಮುಂದೆ ನಿಲ್ಲಿಸಿದ್ದರು. ತೆಳ್ಳಗೆ, ಉದ್ದಕ್ಕೆ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾಗಿ, ಮುಂದೆ ಸೈಕಲ್ಲಿನಂಥ ಸಪೂರ ಗಾಲಿ, ಹಿಂದೆ ದಪ್ಪ ಬೋಳು ಟೈರು. ನೀಲಿ ಟ್ಯಾಂಕಿನ ಮೇಲೆ ಯಾರೋ ಹೂವಿಟ್ಟಿದ್ದರು. ಬಂದವರು ಒಳಗೆ ಹೋಗುವ ಮೊದಲು ಅದನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದರು.

ಗುಬ್ಬಿ ಅಡುಗೆಮನೆ ಸೇರಿ ಟೀ ಲೋಟ ತೊಳೆಯತೊಡಗಿದಳು. ನೀವು ಕೂತ್ಕೊಳ್ಳಿ ಎಂದು ನಾಲ್ಕಾರು ಜನ ಹೇಳಿ ಹೋದರು. ಕೂತರೆ ಏಳುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು. ನಡುಮನೆಯಲ್ಲಿ ಅತ್ತಿಗೆ ಹೆಂಗಸರಿಗೆ ತನ್ನ ಮದುವೆಯ ಕತೆ ಹೇಳುತ್ತಿರುವುದು ಕೇಳಿಸುತ್ತಿತ್ತು. ಹುಡುಗ ರೇಸ್ ಓಡಿಸುತ್ತಿದ್ದವನಂತೆ, ಇಂದೋ ನಾಳೆಯೋ ಎನ್ನುವಂಥ ಜೀವ ಎಂದು ತನ್ನಪ್ಪ ಬೇಡವೆಂದಿದ್ದರಂತೆ. ಆದರೆ ಅದನ್ನು ಕೇಳಿಯೇ ತಾನು ಒಪ್ಪಿದ್ದಂತೆ. ನಲವತ್ತೇಳು ವರ್ಷದಲ್ಲಿ ಸ್ಕೂಟರನ್ನೂ ಮೂವತ್ತರ ಮೇಲೆ ಓಡಿಸಲಿಲ್ಲ ಪುಣ್ಯಾತ್ಮ ಎಂದಾಗ ಹೆಂಗಸರು ನಕ್ಕರು. ಅತ್ತಿಗೆಯೂ ನಕ್ಕಳು, ಆಮೇಲೆ ಮೂಗು ಸೀಟಿಕೊಂಡಳು.

ಟರ್ನರ್ ಕೋಲು ಕುಟ್ಟುತ್ತ ಅಡುಗೆಮನೆಯ ಬಾಗಿಲಿಗೆ ಬಂದ.

"ಇವತ್ತಾದ್ರೂ ನಾನು ಹೇಳ್ಬಹುದಿತ್ತು."

"ಯಾರಿಗೆ? ಆಕೆಗಾ?" ಗುಬ್ಬಿ ಲೋಟ ಬೋರಲು ಹಾಕಿದಳು. "ಈಗಷ್ಟೇ ಗಂಡನ್ನ ಕಳಿಸಿ ಬಂದಿದ್ದಾರೆ. ಉಳಿದಿರೋದನ್ನೂ ಕಿತ್ಕೊಳ್ಳೋದಾ?"

"ಕಿತ್ಕೊಳ್ಳೋದೇನು ಬಂತು. ಆ ಗೆಲುವು ನಿಂದು."

"ಐವತ್ತು ವರ್ಷದಿಂದ ಅವರ ಮನೇಲಿದೆ. ನನಗೆ ಐದೂ ಮುಕ್ಕಾಲಿನ ಬಸ್ಸು ಸಿಕ್ಕಿದ್ರೆ ಸಾಕು."

ಟರ್ನರ್ ಇನ್ನೇನೋ ಹೇಳಹೋದವನು, ಒರೆಸುವ ಬಟ್ಟೆ ತೆಗೆದುಕೊಂಡು ಲೋಟ ಒರೆಸಲು ನಿಂತ.

*

ಹೋದ ವರ್ಷ ಒಂದೇ ಒಂದು ಸಲ ಅವಳು ಷೆಡ್ಡಿಗೆ ಬಂದಿದ್ದಳು. ಗಾಡಿಯ ಚೌಕಟ್ಟು ಅಣ್ಣನಿಗೆ ಸಿಕ್ಕಿದ್ದು ಯಾರದೋ ಹಿತ್ತಲಿನಲ್ಲಿ, ಕೋಳಿಗೂಡಿಗೆ ಆಸರೆಯಾಗಿ. ತಾನೇ ಕೊರೆದ ತೂತುಗಳಿಂದ ಅವನು ಅದನ್ನು ಗುರುತು ಹಿಡಿದಿದ್ದ. ಇಂಜಿನ್ನು ಇನ್ನೊಂದು ಊರಿನಲ್ಲಿ, ಕೆಸರು ತುಂಬಿ, ಪಿಸ್ಟನ್ ಕಚ್ಚಿಕೊಂಡು ಬಿದ್ದಿತ್ತು. ನಟ್ಟುಗಳನ್ನು ತಿಂಗಳುಗಟ್ಟಲೆ ಎಣ್ಣೆಯಲ್ಲಿ ನೆನೆಸಿ, ದಿನಕ್ಕೆ ಕಾಲು ಸುತ್ತಿನಂತೆ ತಿರುಗಿಸಿ ಬಿಚ್ಚಿದ್ದ. ಎಲ್ಲೂ ಸಿಗದ ಭಾಗಗಳನ್ನು ಟರ್ನರ್ ಸೊಂಟನೋವಿನಲ್ಲೇ ಲೇತಿಗೆ ಹಾಕಿ ಕಡೆದುಕೊಟ್ಟಿದ್ದ. ಟ್ಯಾಂಕಿನ ನೆಗ್ಗು ತೆಗೆಯಲಿಕ್ಕೇ ನಾಲ್ಕು ತಿಂಗಳು ಹಿಡಿಯಿತೆಂದು ಅಣ್ಣ ತೋರಿಸಿದ. ಅವಳು ಚೆನ್ನಾಗಿದೆ ಎಂದಳು.

ಇಬ್ಬರೂ ಮರದ ಪೆಟ್ಟಿಗೆಗಳ ಮೇಲೆ ಕೂತು ಟೀ ಕುಡಿದರು. ಅಣ್ಣ ಅವಳ ಮುಖ ನೋಡದೆ, ಸ್ಪಾನರ್ ಒರೆಸುತ್ತ ಹೇಳಿದ.

"ನಾನು ಒಂದು ಸಲನೂ ನೋಡ್ಲಿಲ್ಲ ಕಣೆ ಗುಬ್ಬಿ. ಲಾರಿ ಸೀಟಿನ ಕೆಳಗೆ ಮಲಗಿರ್ತಿದ್ದೆ. ಸದ್ದು ಮಾತ್ರ ಕೇಳ್ತಿತ್ತು. ಆಮೇಲೆ ಈಚೆ ಬಂದ್ರೆ ಎಲ್ರೂ ನನ್ನ ಕೈ ಕುಲುಕೋರು, ಬೆನ್ನು ತಟ್ಟೋರು. ಮನೆಗೆ ಬಂದ್ರೆ ಕೈ ತೊಳ್ಕೊಳ್ಳೋಣ ಅನ್ನಿಸ್ತಿತ್ತು."

"ಅದಕ್ಕೇ ಮಾರಿದ್ಯಾ?"

"ಹೂಂ. ನೀನು ಅಷ್ಟು ಚೆನ್ನಾಗಿ ಓಡಿಸ್ಬಾರದಿತ್ತು."

ಐವತ್ತು ವರ್ಷ ಕಾದಿದ್ದ ಉತ್ತರ. ಸಿಟ್ಟು ಬರಬಹುದೆಂದು ಗುಬ್ಬಿ ಒಂದು ಗಳಿಗೆ ಕಾದಳು. ಬರಲಿಲ್ಲ. ಇನ್ನೂ ಸ್ವಲ್ಪ ಟೀ ಇದೆಯಾ ಎಂದು ಕೇಳಿದಳು. ಅವನು ಬಗ್ಗಿಸಿಕೊಟ್ಟ. ಆಮೇಲೆ, ಫುಟ್‌ರೆಸ್ಟು ಒಂದು ಕೂರಿಸಬೇಕು, ನೀನು ಬಂದು ಒಮ್ಮೆ ಕೂತರೆ ಅಳತೆ ಸಿಗುತ್ತದೆ ಎಂದ. ಮುಂದಿನ ವಾರ ಬರುತ್ತೇನೆ ಎಂದಳು. ಮತ್ತೆ ಎರಡು ಸಲ ಫೋನು ಮಾಡಿದ. ಎರಡು ಬಸ್ಸು ಬದಲಿಸಬೇಕು, ಗಂಡನನ್ನು ಯಾರ ಕೈಗಾದರೂ ಒಪ್ಪಿಸಬೇಕು. ಅವಳು ಬರಲಿಲ್ಲ. ಮೂರನೇ ಸಲ ಫೋನು ಬಂದದ್ದು ಅವನ ಮಗನಿಂದ.

*

ನಾಲ್ಕೂವರೆಗೆ ಜನ ಕರಗಿದರು. ಬೆಳಿಗ್ಗೆ ಗಾಡಿ ಹೊತ್ತ ನಾಲ್ವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಓಣಿಗೆ ಅಡ್ಡವಾಗಿ ನಿಂತದ್ದನ್ನು ತೆಗೆಯದೆ ಅಕ್ಕಪಕ್ಕದವರ ಕಾರು ಹೋಗುವಂತಿರಲಿಲ್ಲ. ಷೆಡ್ಡು ಇದ್ದದ್ದು ಓಣಿಯ ತಗ್ಗಿನ ತುದಿಯಲ್ಲಿ, ನೂರು ಹೆಜ್ಜೆ ಇಳಿಜಾರು.

ಮಗ ಹ್ಯಾಂಡಲ್ ಹಿಡಿದು ತಳ್ಳಲು ನೋಡಿದ. ನಾಲ್ಕು ಹೆಜ್ಜೆಗೇ ಗಾಡಿ ಅವನನ್ನು ಎಳೆದುಕೊಂಡು ಹೊರಟಿತು. ಇರುವುದೊಂದೇ ಬ್ರೇಕು, ಅದೂ ಹಿಂದೆ, ಕಾಲಲ್ಲಿ ಒತ್ತುವಂಥದ್ದು, ಯಾರಾದರೂ ಮೇಲೆ ಕೂರಬೇಕು ಎಂದ ಟರ್ನರ್. ಮಗ ಕೂತು ನೋಡಿದ. ಆರಡಿಯ ಆಳು. ಮಂಡಿ ಹ್ಯಾಂಡಲ್‌ಗೆ ಬಡಿಯಿತು, ಕಾಲು ಬ್ರೇಕಿನವರೆಗೆ ಮಡಚಲೇ ಇಲ್ಲ. ಟರ್ನರ್‌ನ ಸೊಂಟದ ಮಾತು ಆಡುವಂತೆಯೇ ಇರಲಿಲ್ಲ. ನಾಳೆ ನಾಲ್ಕು ಜನರನ್ನು ಕರೆಸೋಣ, ಬೀದಿಯಲ್ಲಿ ಬಿಡುವುದು ಹೇಗೆ, ಹಗ್ಗ ಕಟ್ಟಿದರೆ ಹೇಗೆ ಎಂದು ಮಾತು ಬೆಳೆಯಿತು. ಗುಬ್ಬಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ನಿಂತಿದ್ದಳು. ಇದು ಮುಗಿಯದೆ ತನ್ನನ್ನು ಯಾರೂ ನಿಲ್ದಾಣಕ್ಕೆ ಬಿಡುವುದಿಲ್ಲ ಎಂದು ಗೊತ್ತಾಯಿತು.

"ಸರಿ, ನಾನು ಕೂರ್ತೀನಿ," ಎಂದಳು.

ಅತ್ತೆ, ನೀವಾ ಎಂದ ಮಗ. ಅವಳು ಚೀಲವನ್ನು ಅವನ ಕೈಗೆ ಕೊಟ್ಟು, ಟ್ಯಾಂಕಿನ ಮೇಲಿನ ಹೂವನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಉಟ್ಟದ್ದನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿಕೊಂಡು, ಟರ್ನರ್‌ನ ಭುಜ ಹಿಡಿದು ಕಾಲು ದಾಟಿಸಿದಳು. ಹಾಗೆ ದಾಟಿಸುವಾಗ ಬಾಯಿಂದ ಅಮ್ಮಾ ಎಂದು ಬಂತು. ಕೂತ ಮೇಲೆ ಸದ್ದಿಲ್ಲ.

ಕಾಲು ಹುಡುಕಲಿಲ್ಲ. ಫುಟ್‌ರೆಸ್ಟು ಅಲ್ಲೇ ಇತ್ತು. ಅಳತೆ ಕೊಡಲು ಅವಳು ಬಂದಿರಲೇ ಇಲ್ಲ, ಅಣ್ಣ ನೆನಪಿನಿಂದಲೇ ಕೂರಿಸಿಬಿಟ್ಟಿದ್ದ. ಆದರೆ ಅವನಿಗೆ ನೆನಪಿದ್ದದ್ದು ಇಪ್ಪತ್ತು ವರ್ಷದವಳ ಕಾಲು. ಮಂಡಿ ಈಚಿನ ವರ್ಷಗಳಲ್ಲಿ ಎಂದೂ ಮಡಚದಷ್ಟು ಮಡಚಿ ಕಟಕ್ಕೆಂದಿತು.

"ಬಿಡಿ," ಎಂದಳು.

ಟರ್ನರ್ ಕೈ ಬಿಟ್ಟ. ಮಗ ಹಿಂದಿನಿಂದ ಹಿಡಿದುಕೊಂಡೇ ಹತ್ತು ಹೆಜ್ಜೆ ಬಂದ, ಆಮೇಲೆ ಅವನ ಹಿಡಿತ ತಪ್ಪಿತು. ಇಂಜಿನ್ ಎಬ್ಬಿಸದ ಗಾಡಿ, ದಪ್ಪ ಟೈರು ಜಲ್ಲಿಯ ಮೇಲೆ ಉಜ್ಜುವ ಸದ್ದೊಂದೇ. ಅತ್ತೆ, ಬ್ರೇಕು ಎಂದು ಅವನು ಕೂಗಿದ್ದು ಅವಳಿಗೆ ಕೇಳಿಸಿತು. ಬ್ರೇಕು ಕಾಲ ಕೆಳಗೇ ಇತ್ತು, ಒತ್ತಲಿಲ್ಲ. ಬೆನ್ನು ತಾನಾಗಿ ಬಾಗಿತು, ಮೊಣಕೈ ಒಳಕ್ಕೆ ಬಂತು, ಗದ್ದ ಟ್ಯಾಂಕಿಗೆ ತಾಗಿತು. ಗೋಡೆಗಳು, ಕಿಟಕಿಗಳು, ಕಸದ ಡಬ್ಬಿಗಳು ಎರಡೂ ಪಕ್ಕ ಹಿಂದಕ್ಕೆ ಹೋದವು. ಷೆಡ್ಡಿನ ಬಾಗಿಲು ಹತ್ತು ಗಜವಿರುವಾಗ ಬಲಗಾಲು ಒತ್ತಿದಳು. ಗಾಡಿ ಹೊಸ್ತಿಲ ಎದುರು ನೆಟ್ಟಗೆ ಬಂದು ನಿಂತಿತು. ಎಡಗಾಲು ಕೆಳಗಿಟ್ಟಳು.

ಓಣಿಯ ಮೇಲ್ತುದಿಯಿಂದ ಅತ್ತಿಗೆ ಇಳಿದು ಬಂದಳು. ಏದುಸಿರು ಬಿಡುತ್ತ ಬಂದ ಮಗನನ್ನು ಕೈಯಿಂದಲೇ ತಡೆದು, ಒಬ್ಬಳೇ ಹತ್ತಿರ ಬಂದಳು. ನಿಂತು ನೋಡಿದಳು. ಬೆನ್ನು, ಮೊಣಕೈ, ಹಿಂದಕ್ಕೆ ಮಡಚಿ ಕೂತ ಕಾಲು.

"ಇಳಿ," ಎಂದಳು.

"ಕಾಲು ಬರ್ತಿಲ್ಲ ಅತ್ತಿಗೆ. ಮಂಡಿ ಹಿಡ್ಕೊಂಡಿದೆ."

ಅತ್ತಿಗೆಯ ಕಣ್ಣು ಫುಟ್‌ರೆಸ್ಟಿನ ಮೇಲಿತ್ತು. "ಇದನ್ನ ಇಷ್ಟು ಮೇಲಕ್ಕೆ ಯಾಕೆ ಹಾಕ್ತೀರಿ, ನಿಮ್ಮ ಕಾಲು ಇಷ್ಟು ಮಡಚಲ್ವಲ್ಲ ಅಂತ ಕೇಳಿದ್ದೆ. ಹಳೇ ಗಾಡಿ ಇರೋದೇ ಹೀಗೆ ಅಂದ್ರು."

ಗುಬ್ಬಿ ಹ್ಯಾಂಡಲ್‌ನಿಂದ ಕೈ ತೆಗೆದಳು.

"ಒಂದು ಸಲನಾದ್ರೂ ಅವರು..." ಎಂದು ಅತ್ತಿಗೆ ಅಷ್ಟಕ್ಕೇ ನಿಲ್ಲಿಸಿದಳು.

ಸುಳ್ಳು ಹೇಳಲು ಗುಬ್ಬಿ ಬಾಯಿ ತೆರೆದಳು. ಅದಕ್ಕೂ ತ್ರಾಣವಿರಲಿಲ್ಲ. "ಕಟ್ಟಿದ್ದೆಲ್ಲ ಅವನೇ ಅತ್ತಿಗೆ," ಎಂದಳು. "ಒಂದೊಂದು ನಟ್ಟೂ."

ಅತ್ತಿಗೆ ಗೋಡೆ ಹಿಡಿದುಕೊಂಡು, ಒಂದೊಂದೇ ಮಂಡಿಯಾಗಿ ನೆಲಕ್ಕೆ ಇಳಿದಳು. ಎರಡೂ ಕೈಯಿಂದ ಗುಬ್ಬಿಯ ಹಿಮ್ಮಡಿ ಹಿಡಿದು, ಫುಟ್‌ರೆಸ್ಟಿನಿಂದ ಮೆಲ್ಲಗೆ ಬಿಡಿಸಿ, ಹಿಂದಕ್ಕೆ ಎಳೆದುಕೊಂಡಳು. ನೋವಾಗ್ತಿದೆಯಾ ಎಂದು ಕೇಳಲಿಲ್ಲ. ಅಂಗೈಗೆ ಗ್ರೀಸು ಮೆತ್ತಿತು. ಪಾದವನ್ನು ತನ್ನ ಮಡಿಲಿನಲ್ಲಿಟ್ಟುಕೊಂಡು, ಆ ಕರಿಗೈಯಿಂದಲೇ ಮಂಡಿಯ ಹಿಂಬದಿಯನ್ನು ತಿಕ್ಕತೊಡಗಿದಳು.