ನೀಲಿ ಗೆರೆ

ಬಾಚಣಿಗೆಗೆ ಸಿಕ್ಕಿಕೊಂಡ ಕೂದಲು, ಅಲ್ಲಾಡಬೇಡ ಪುಟ್ಟಿ, ಒಂದು ಜಡೆ ಆಯ್ತು ಇನ್ನೊಂದು ಬಾಕಿ, ಅಷ್ಟರಲ್ಲಿ ಒಳಕೋಣೆಯಿಂದ ಇವರ ದನಿ, ಲೇ, ಇನ್ನೊಂದು ಹೊದಿಕೆ ಕೊಡೇ, ಚಳಿ — ಈ ಬಿಸಿಲಲ್ಲಿ ಚಳಿಯಾ, ನನ್ನ ಕೈ ಅಲ್ಲೇ ನಿಂತಿತು, ಬೆಳಗ್ಗೆಯೇ ಹಣೆ ಸುಡುತ್ತಿತ್ತು, ಏನಿಲ್ಲ ಬಿಡೇ ಅಂದರು, ಏನಿಲ್ಲವಂತೆ, ತೊಡೆಸಂದಿಯ ರಕ್ತನಾಳದಲ್ಲಿ ಟ್ಯೂಬು ತೂರಿಸಿ ಹೃದಯ ನೋಡಿ ಇವತ್ತಿಗೆ ಆರು ದಿನ, ಆ ತೂತು ಮುಚ್ಚೋಕೆ ಒಳಗೆ ಹೊಲಿಗೆ ಹಾಕುವ ಪುಟ್ಟ ಸಾಧನವಂತೆ, ದಾರ ಒಳಗೇ ಉಳಿಯುತ್ತಂತೆ, ಸಂಜೆಗೇ ಓಡಾಡಬಹುದು ಅಂತ ಡಾಕ್ಟರು ಅಂದಾಗ ಇವರಿಗೆ ಟೈಲರ್ ಗತ್ತು, ನನಗಿಂತ ಚೆನ್ನಾಗಿ ಕಾಜಾ ಹೊಲೀತಾರೆ ಕಣೇ, ನಕ್ಕೆವು, ಆ ದಾರವನ್ನೇ ಹಿಡಿದು ಸೋಂಕು ರಕ್ತಕ್ಕೆ ಇಳಿಯಬಹುದು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವರೇ ಕೊಟ್ಟ ಕಾರ್ಡಿನಲ್ಲಿದೆ, ಇರುವೆಯಷ್ಟು ಅಕ್ಷರ, ಜ್ವರ, ಕೆಂಪು, ಕೀವು ಕಂಡರೆ ಕೂಡಲೇ ಬನ್ನಿ, ಮೊನ್ನೆ ಆ ಜಾಗ ಕಂದಿದೆಯಂತೆ ಅಂತ ಫೋನು ಮಾಡಿದರೆ ಆಸ್ಪತ್ರೆಯ ಹುಡುಗಿ, ಕಂದೋದು ಸಹಜ ಅಮ್ಮಾ, ವಾರ ಬಿಟ್ಟು ಬನ್ನಿ, ನೋಡದೆ ಹೇಗೆ ಗೊತ್ತಾಯ್ತು ತಾಯಿ ನಿನಗೆ, ಕೇಳಬೇಕಿತ್ತು, ಸರಿ ಅಂದು ಫೋನಿಟ್ಟೆ, ಇವರೋ ಆ ಜಾಗ ತೋರಿಸೋಕೆ ನಾಚುತ್ತಾರೆ, ಊರವರ ಸೊಂಟವನ್ನೆಲ್ಲ ಅಳೆದ ಗಂಡಸು, ನಿನ್ನೆ ಸಂಜೆ ಹಟ ಮಾಡಿ ಬಿಚ್ಚಿಸಿದೆ, ಕೆಂಪಿನ ಅಂಚಿಗೆ ಮಗಳ ನೀಲಿ ಪೆನ್ನಿನಿಂದ ಗೆರೆ ಎಳೆದೆ, ಏನೇ ಇದು, ನನ್ನನ್ನೇ ಕತ್ತರಿಸ್ತೀಯಾ, ಗುರುತು ಹಾಕದೆ ಏನೂ ಮಾಡಬಾರದು ಅಂತ ಕಲಿಸಿದ್ದು ನೀವೇ ತಾನೆ, ಪೆನ್ನು ವಾಪಸ್ ಕೊಡುವಾಗ ಮಗಳಿಗೂ ಹೇಳಿಬಿಟ್ಟೆ, ಕೆಂಪಗಿರೋದು ನೀಲಿ ಗೆರೆಯೊಳಗೇ ಇದ್ದರೆ ಭಯವಿಲ್ಲ ಪುಟ್ಟಿ, ಆಮೇಲಿಂದ ಅವಳು ನನ್ನ ಮುಖವನ್ನೇ ನೋಡ್ತಾಳೆ, ಈಗ ಹೊದಿಕೆ ಹೊದಿಸುವ ನೆಪದಲ್ಲಿ ಪಂಚೆ ಎತ್ತಿ ನೋಡುತ್ತೇನೆ, ನೀಲಿ ಗೆರೆ, ಅದರಾಚೆ ಎರಡು ಬೆರಳಗಲ ಕೆಂಪು — ಏಳಿ, ಷರಟು ಹಾಕ್ಕೊಳ್ಳಿ, ವಾರ ಆಗ್ಲಿ ಅಂದ್ರಲ್ಲ ಕಣೇ ಆಸ್ಪತ್ರೆಯವರು, ವಾರವೂ ಬೇಡ ನಾಚಿಕೆಯೂ ಬೇಡ, ಗಾಡಿ ಕರೀತೀನಿ, ಅಲ್ಲಿ ಬೆಂಚಿನ ಮೇಲೆ ಕೂರೋಲ್ಲ, ಕಾರ್ಡು ಮೇಜಿನ ಮೇಲಿಡ್ತೀನಿ, ಬಿಚ್ಚಿ ನೋಡಿ, ರಕ್ತ ಪರೀಕ್ಷೆ ಮಾಡಿ, ಇದೂ ಸಹಜ ಅಂದರೆ ಹಾಗಂತ ಬರೆದು ಸಹಿ ಹಾಕಿ, ಜಗಳಗಂಟಿ ಅಂದುಕೊಳ್ಳಲಿ, ನೀಲಿ ಗೆರೆ ಸುಳ್ಳು ಹೇಳೋಲ್ಲ, ನೀಲಿ ಗೆರೆ, ಅದರಾಚೆ ಕೆಂಪು, ನೀಲಿ ಗೆರೆ — ಬಾಗಿಲಲ್ಲಿ ಒಂದೇ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು,

ಅಮ್ಮಾ, ಗೆರೆ ದಾಟಿತಾ?