ನಂಬರು ಹೋದ ಕವಲು ರಸ್ತೆ

ನಾನು ಒಂದು ತುಂಡು ರಸ್ತೆ. ಹೆದ್ದಾರಿಯಿಂದ ಕವಲೊಡೆದು, ಹೊಳೆಗಟ್ಟಿ ಎಂಬ ಊರಿನ ನಡುವೆ ಹಾದು, ಮಲಪ್ರಭೆಯ ದಂಡೆಗೆ ಬಂದು ನಿಂತುಬಿಡುತ್ತೇನೆ. ಮುಂದೆ ನೀರು. ಎಲ್ಲ ಸೇರಿ ಮೂರು ಕಿಲೋಮೀಟರ್ ಆದರೆ ಹೆಚ್ಚು. ಇಷ್ಟು ಗಿಡ್ಡ ರಸ್ತೆಗೆ ರಾಜ್ಯ ಹೆದ್ದಾರಿಯ ನಂಬರು ಯಾಕೆ ಕೊಟ್ಟಿದ್ದರು ಎಂದು ನನ್ನನ್ನು ಕೇಳಬೇಡಿ. ಕೊಟ್ಟವರನ್ನು ಕೇಳಿ.

ಹೊಳೆಗೆ ಸೇತುವೆ ಕಟ್ಟಿ ಆಚೆ ದಡಕ್ಕೆ ಕೂಡಿಸುತ್ತೇವೆ ಎಂದು ಹೇಳಿ ನನ್ನನ್ನು ಹುಟ್ಟಿಸಿದರು. ಗಾಡಿ ಜಾಡಿನ ಮೇಲೆ ದಪ್ಪ ಕಲ್ಲು, ಜಲ್ಲಿ, ಕೆಂಪು ಗರಸು ಹರವಿ ರೋಲರ್ ಓಡಿಸಿದರು. ಕಾಲಿಗೆ ಗೋಣಿತಾಟು ಸುತ್ತಿಕೊಂಡ ಹೆಂಗಸರು ಕುದಿಯುವ ಡಾಂಬರು ಸುರಿದರು. ಅವರ ಅಂಗಾಲು ಸುಟ್ಟಿದ್ದು ನನಗೆ ಗೊತ್ತು. ಉದ್ಘಾಟನೆಗೆ ಬಂದವರಿಗೆ ಗೊತ್ತಿರಲಿಲ್ಲ. ಊರ ಬಾಯಿಗೆ ಹಸಿರು ತಲೆಯ ಕಲ್ಲು ನೆಟ್ಟು ನನ್ನ ನಂಬರು ಬರೆದರು. ಸೇತುವೆ ಮಾತ್ರ ಬರಲಿಲ್ಲ. ಅದನ್ನು ಹೊಳೆಯ ಮೇಲ್ಗಡೆಗೆ, ಯಾರೋ ದೊಡ್ಡವರ ಕಬ್ಬಿನ ತೋಟದ ಬಗಲಿಗೆ ಕಟ್ಟಿದರು. ಅಲ್ಲಿಗೆ ಬೇರೆ ರಸ್ತೆ ಆಯಿತು. ನಂಬರು ನನ್ನ ಹತ್ತಿರವೇ ಉಳಿಯಿತು. ಪ್ರೀತಿಯಿಂದಲ್ಲ, ಮರೆವಿನಿಂದ.

ನನ್ನ ಅಂಚಿಗೆ ಮುರಿಗೆಪ್ಪನ ಬ್ರಾಂದಿ ಅಂಗಡಿ ಇತ್ತು. ಜನರ ಮುಖ ನನಗೆ ಕಾಣುವುದಿಲ್ಲ, ಅಂಗಾಲಿನಿಂದಲೇ ಗುರುತು ಹಿಡಿಯುತ್ತೇನೆ. ಗೋಡೆ ಕಟ್ಟುವ ಗೌಂಡಿ ದ್ಯಾವಪ್ಪನ ಕಾಲು ಬೆಳಿಗ್ಗೆ ನನ್ನ ಅಂಚು ಹಿಡಿದು ನೆಟ್ಟಗೆ ಹೋಗುತ್ತಿತ್ತು, ಸಂಜೆ ಅದಕ್ಕೆ ನನ್ನ ಅಗಲ ಸಾಲುತ್ತಿರಲಿಲ್ಲ. ಬಿದ್ದರೆ ಕೆನ್ನೆ ನನ್ನ ಮೇಲೆ. ಅವನ ಹೆಂಡತಿ ಶಾವಂತ್ರೆವ್ವ ಬಂದು ಎಬ್ಬಿಸಿ, ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಒಂದು ಆಜ್ಞೆ ಬಂತು. ಹೆದ್ದಾರಿಯ ಅಂಚಿಗೆ ಹೆಂಡದ ಅಂಗಡಿ ಇರಬಾರದು. ನನಗೆ ನಂಬರಿತ್ತಲ್ಲ, ಮುರಿಗೆಪ್ಪ ಬಾಗಿಲು ಹಾಕಿದ. ದ್ಯಾವಪ್ಪ ಒಂದಷ್ಟು ದಿನ ನಡುಗಿದ, ಜ್ವರ ಬಂದು ಮಲಗಿದ, ಎದ್ದ. ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದ ತನ್ನದೇ ಮನೆಯ ಅಡುಗೆಮನೆ ಗೋಡೆ ಮುಗಿಸಿದ. ಆಗ ನಾನು ಬೀಗಿದ್ದು ನಿಜ. ನನ್ನ ನಂಬರಿನಿಂದ ಒಬ್ಬನಿಗಾದರೂ ಉಪಕಾರವಾಯಿತಲ್ಲ!

ಮುರಿಗೆಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಕಚೇರಿ ಕಚೇರಿ ತಿರುಗಿ ಮೇಲಿನವರಿಗೆ ಮರೆತದ್ದನ್ನು ನೆನಪು ಮಾಡಿಕೊಟ್ಟ. ಸೇತುವೆ ಇರುವ ರಸ್ತೆಯೇ ಹೆದ್ದಾರಿ, ಹೊಳೆಯಲ್ಲಿ ಮುಳುಗುವ ರಸ್ತೆ ಎಂಥ ಹೆದ್ದಾರಿ ಎಂದು ಅವರೂ ಒಪ್ಪಿದರು. ನಂಬರು ಆ ಕಡೆ ಹೋಯಿತು. ನನ್ನನ್ನು ಪಂಚಾಯಿತಿಗೆ ತಳ್ಳಿದರು.

ಕಲ್ಲಿನ ಹಸಿರು ಅಳಿಸಲು ಇಲಾಖೆಯ ಗ್ಯಾಂಗ್‌ಮನ್ ರಾಜೇಸಾಬ ಬಂದ. ಬಂದು ನೋಡಿದರೆ ಕಲ್ಲಿಗೆ ಅರಿಸಿನ, ಕುಂಕುಮ, ಹಸಿರು ಕುಪ್ಪಸದ ಕಣ. ಊರ ಹೆಂಗಸರು ಅದಕ್ಕೆ ಉಡಿ ತುಂಬಿ ಸುತ್ತ ಕುಳಿತಿದ್ದರು. ಅಕ್ಷರ ಅಳಿಯದಿದ್ದರೆ ನಂಬರು ಹೋಗುವುದಿಲ್ಲ ಎಂದು ಅವರ ಲೆಕ್ಕ.

"ಸರೀರಿ ಯಕ್ಕಾ, ಬಣ್ಣಾ ಹಚ್ಚಬೇಕು," ಎಂದ ರಾಜೇಸಾಬ.

"ಹೆಂಗ ಹಚ್ತಿ ನೋಡೂಣು," ಎಂದಳು ಶಾವಂತ್ರೆವ್ವ. "ಐದು ಮಂದಿ ಮುತ್ತೈದೇರು ಉಡಿ ತುಂಬೇವಿ. ಈಗ ಇದು ನಮ್ಮೂರ ಮಗಳು."

"ಯವ್ವಾ, ನಂಬರು ಕಲ್ಲಾಗ ಇರೂದಿಲ್ಲಬೇ. ಅದು ಬೆಂಗಳೂರಾಗಿನ ಕಾಗದದಾಗ ಇತ್ತು. ಹ್ವಾದ ವಾರಾನ ಹೋಗೇತಿ."

ಹೆಂಗಸರು ಕುಳಿತ ಜಾಗ ಬಿಡಲಿಲ್ಲ. ರಾಜೇಸಾಬ ಡಬ್ಬಿಯ ಮುಚ್ಚಳ ಬಿಗಿದ. "ನಾ ಅಂತೂ ಹಚ್ಚೂದಿಲ್ಲ. ಕೇಳಿದ್ರ ಬಣ್ಣಾ ಒಣಗಿತ್ತು ಅಂತೀನಿ," ಎಂದು ಸೈಕಲ್ಲು ತಿರುಗಿಸಿದ. ಇಡೀ ಇಲಾಖೆಯಲ್ಲಿ ನಾನು ಕಂಡ ಮನುಷ್ಯ ಅವನೊಬ್ಬ.

ಅಂಗಡಿ ಚೆಂಡುಹೂವಿನ ಸರ ಹಾಕಿಕೊಂಡು ಮತ್ತೆ ತೆರೆಯಿತು. ದ್ಯಾವಪ್ಪನ ಕಾಲು ಅದರ ಮುಂದೆ ಬಂದು ನಿಂತಿತು. ಮುಂದೆ ಹೋಯಿತು. ತಿರುಗಿ ಬಂತು. ಒಳಗೆ ಹೋಯಿತು. ಶಾವಂತ್ರೆವ್ವ ನೀರಿನ ಕೊಡ ಹೊತ್ತು ಅಲ್ಲೇ ನಿಂತಿದ್ದಳು. ಮುರಿಗೆಪ್ಪ ಕಟ್ಟೆಯ ಮೇಲಿಂದ ನಕ್ಕ.

"ಇನ್ನ ಹೆದ್ದಾರಿ ಅಲ್ಲವ್ವಾ ಇದು. ನಿಮ್ಮೂರ ಓಣಿ ಇದ್ದಂಗ. ಬೇಕಾದ್ರ ಕಸಾ ಹೊಡಕೋ, ರಂಗೋಲಿ ಹಾಕ್ಕೋ."

ಆ ಮಾತು ಆಡಬಾರದಿತ್ತು ಅವನು. ಹಿಂದೆ ಮೇಕೆ ಮರಿಗಳು ಗಾಡಿಗೆ ಸಿಕ್ಕು ಸತ್ತಾಗ ವೇಗ ತಗ್ಗಲೆಂದು ಊರವರು ನನಗೆ ಅಡ್ಡವಾಗಿ ಉಬ್ಬು ಹಾಕಿದ್ದರು. ಹೆದ್ದಾರಿಗೆ ಉಬ್ಬು ಹಾಕಬಾರದೆಂದು ಇಲಾಖೆ ಕಿತ್ತೊಗೆದಿತ್ತು. ಈಗ ಓಣಿ ಆಯಿತಲ್ಲ? ಪಂಚಾಯಿತಿಯಲ್ಲಿ ಹೆಂಗಸರು ಗದ್ದಲ ಮಾಡಿ ಉಬ್ಬಿಗೆ ಒಪ್ಪಿಗೆ ಪಡೆದರು. ಅಂಗಡಿಗೆ ಮಾಲು ತರುವ ಲಾರಿಯ ದಾರಿಯಲ್ಲಿ ಕಲ್ಲು ಮಣ್ಣು ಸುರಿದು ಸಾಲಾಗಿ ಉಬ್ಬು ಎಬ್ಬಿಸಿದರು. ಲಾರಿ ಎಗರಿತು, ಬಾಟಲಿ ಒಡೆದವು, ನನ್ನ ಬಿರುಕಿಗೂ ಸ್ವಲ್ಪ ಬ್ರಾಂದಿ ಇಳಿಯಿತು. ಇದಕ್ಕಾಗಿಯೇ ಇವರು ಬೀಳುತ್ತಾರೆಯೇ ಎನ್ನಿಸಿತು, ಅಷ್ಟು ಕಹಿ.

ಆದರೆ ಮಣ್ಣು ಎಷ್ಟು ದಿನ ತಾಳುತ್ತದೆ? ಒಂದು ಮಳೆಗೆ ಕರಗಿತು. ಸಿಮೆಂಟಿನದೇ ಆಗಬೇಕು. ಊರಿನಲ್ಲಿ ಇದ್ದ ಗೌಂಡಿ ಒಬ್ಬನೇ.

"ಕೆಲಸ ಐತಿ. ಬರ್ತೀಯೋ ಇಲ್ಲೋ?" ಎಂದಳು ಶಾವಂತ್ರೆವ್ವ, ನನ್ನ ಅಂಚಿಗೆ ಕುಳಿತಿದ್ದ ಗಂಡನಿಗೆ.

"ನನ್ನ ದಾರಿಗೆ ನಾನ ಅಡ್ಡಗ್ವಾಡಿ ಕಟ್ಟಬೇಕಾ?"

"ಹೌದು."

"ಕೈ ನಡಗತಾವ ನೋಡ."

"ನಡಗಲಿ. ನಾ ಕಲಸಿ ಕೊಡ್ತೀನಿ."

ಮರುದಿನ ಅವನು ಗಾರೆಯ ಕರಣಿ ಹಿಡಿದು ನನ್ನ ಮೇಲೆ ಮೊಣಕಾಲೂರಿದ. ಕೈಯ ನಡುಕ ನನ್ನ ಮೈಗೆ ತಾಕುತ್ತಿತ್ತು. ಮೊದಲ ಉಬ್ಬು ಸೊಟ್ಟಗಾಯಿತು. "ಏನೋ ದ್ಯಾವಪ್ಪಾ, ಇಲಿ ನುಂಗಿದ ಹಾವು ಮಲಗಿದಂಗ ಐತಲ್ಲೋ!" ಎಂದಳು ಮುದುಕಿ ಗಂಗವ್ವ. ಹೆಂಗಸರೆಲ್ಲ ನಕ್ಕರು. ದ್ಯಾವಪ್ಪನಿಗೆ ಸಿಟ್ಟು ಬಂತು. ಕುಡುಕ ಅಂದರೆ ಸಹಿಸುತ್ತಿದ್ದ, ಕೆಲಸ ಕೆಟ್ಟದು ಅಂದರೆ ಸಹಿಸುವವನಲ್ಲ. ಹಸಿ ಉಬ್ಬನ್ನು ತಾನೇ ಕೆದರಿ ಹಾಕಿ, ದಾರ ಕಟ್ಟಿ, ಮತ್ತೆ ಎಬ್ಬಿಸಿದ. ಕತ್ತಲಾಗುವ ಮೊದಲು ಸಾಲು ಮುಗಿಯಿತು. ನಾರಿನ ಚೀಲ ಹೊದಿಸಿ ನೀರು ಹಾಕಿದರು.

ಲಾರಿಯ ಡ್ರೈವರ್ ಒಂದೆರಡು ಸಲ ಬಂದ. ಆಮೇಲೆ, "ಅರ್ಧ ಮಾಲು ಇಲ್ಲೇ ಚೆಲ್ಲಿ ಹೋಗ್ತೇತಿ, ಬೇರೆ ಯಾರನ್ನರ ನೋಡ್ರಿ ಸಾವ್ಕಾರ್ರ," ಎಂದು ಬಿಟ್ಟ. ಮುರಿಗೆಪ್ಪ ಕೆಲವು ದಿನ ಮೋಟಾರ್ ಸೈಕಲ್ಲಿನಲ್ಲಿ ಡಬ್ಬ ಹೊರಿಸಿದ. ಗಿಟ್ಟಲಿಲ್ಲ. ಬೇರೆ ಊರಿಗೆ ಹೋದ. ಆ ಊರಿನ ರಸ್ತೆಯ ಪಾಡು ಏನಾಗಿದೆಯೋ, ಪಾಪ.

ಈಗ ನನಗೆ ವಯಸ್ಸಾಯಿತು. ಡಾಂಬರು ಕಂಡು ಕಾಲವಾಯಿತು. ಅಂಚಿಗೆ ಜಾಲಿ ಬೆಳೆದಿದೆ. ಬಸ್ಸು ಒಂದು ಹೊತ್ತು ಬರುತ್ತದೆ, ಅದೂ ಶಾಪ ಹಾಕುತ್ತ. ನಂಬರು ಕಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ಕಸಿದದ್ದಕ್ಕಲ್ಲ, ಯಾಕೆ ಕಸಿದರೋ ಅದಕ್ಕೆ.

ದ್ಯಾವಪ್ಪ ಪೂರ್ತಿ ಬಿಟ್ಟನೇ? ಅವನನ್ನೇ ಕೇಳಬೇಕು. ನನಗೆ ತಿಳಿದದ್ದು ಇಷ್ಟು. ಕೆಲವು ಸಂಜೆ ಅವನ ಕಾಲು ಊರ ಹೊರಗಿನವರೆಗೆ ಬರುತ್ತದೆ, ಹೆಂಡದಂಗಡಿ ಇರುವ ಊರಿಗೆ ಹೋಗುವ ಬಸ್ಸಿಗೆ ಕಾಯುತ್ತದೆ, ಹಿಂದಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಸಿಮೆಂಟಿನ ಪುಟ್ಟಿ, ಕರಣಿ ಹಿಡಿದು ಮರಳಿ ಬಂದು ಉಬ್ಬಿನ ಮುಂದೆ ಕುಳಿತು ತೇಪೆ ಹಾಕುತ್ತಾನೆ. ಉಬ್ಬು ಎಲ್ಲೂ ಒಡೆದಿರುವುದಿಲ್ಲ. ಆದರೂ ಹಾಕುತ್ತಾನೆ.

"ಏನ್ರಿ ಇದು, ವರ್ಷಾ ವರ್ಷಾ ಗುಡ್ಡಾ ಬೆಳಸಾಕತ್ತೀರೇನು?" ಎಂದು ಬಸ್ಸಿನ ಕಂಡಕ್ಟರ್ ಕೂಗುತ್ತಾನೆ.

ದ್ಯಾವಪ್ಪ ತಲೆ ಎತ್ತುವುದಿಲ್ಲ. ಕೈ ನಡುಗುವುದು ನಿಲ್ಲುವವರೆಗೆ ಕರಣಿ ಆಡಿಸುತ್ತಾನೆ. ನಾನು ಅವನ ಕರಣಿಗೆ ಬೆನ್ನು ಕೊಟ್ಟು ಬಿದ್ದಿರುತ್ತೇನೆ.