ಕಿತ್ತುಹೋದ ಕಂಬಿ

ನಾನು ಒಂದು ಕಬ್ಬಿಣದ ಮಂಚ. ಹುಟ್ಟಿದ್ದೇ ಏಟು ತಿಂದು. ಹರಿಹರದ ಶೆಡ್ಡೊಂದರಲ್ಲಿ ನನ್ನನ್ನು ಬಗ್ಗಿಸಿ, ಬಡಿದು, ಬೆಂಕಿಯಲ್ಲಿ ಬೆಸೆದು, ಎರಡೂ ಪಕ್ಕಕ್ಕೆ ಕಂಬಿ ಹಚ್ಚಿ, ಬಿಳಿ ಬಣ್ಣ ಬಳಿದು ದಾವಣಗೆರೆಯ ನರ್ಸಿಂಗ್ ಹೋಮೊಂದಕ್ಕೆ ತಳ್ಳಿದರು. ನನ್ನ ಮೇಲೆ ಮಲಗಿದವರಲ್ಲಿ ಎದ್ದು ಹೋದವರೂ ಇದ್ದರು, ಹೊತ್ತುಕೊಂಡು ಹೋಗಬೇಕಾದವರೂ ಇದ್ದರು.

ತಿಪ್ಪೇಶ ಎರಡನೆಯವರ ಪೈಕಿ. ಅವನಿಗೆ ರಕ್ತದ ಕ್ಯಾನ್ಸರ್. ಪಕ್ಕದಲ್ಲಿ ಸದಾ ನಾಟಕದ ಹುಡುಗ ನಿರಂಜನ ಇರುತ್ತಿದ್ದ. ನರ್ಸುಗಳು ಅವನನ್ನು ತಿಪ್ಪೇಶನ ತಮ್ಮನೆಂದುಕೊಂಡಿದ್ದರು. ತಮ್ಮಂದಿರು ಹಾಗೆ ಮುತ್ತಿಡುವುದಿಲ್ಲ, ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ದಿನ ತಿಪ್ಪೇಶನ ಅಣ್ಣನೂ ಬಾಗಿಲಲ್ಲಿ ನಿಂತು ಕಂಡ.

"ನಮ್ಮ ಮನಿ ಮಾನ ಕಳೀತೀಯೇನಲೇ!" ಎಂದವನೇ ನಿರಂಜನನ ಕೂದಲು ಹಿಡಿದು ಎಳೆದ. ನಿರಂಜನ ನನ್ನ ಕಂಬಿಯನ್ನು ಬಿಗಿಯಾಗಿ ಹಿಡಿದ. ಅಣ್ಣ ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ತೆಗೆದುಕೊಂಡು ಅವನ ಗೆಣ್ಣುಗಳನ್ನು ಕುಟ್ಟಿದ.

"ಬಿಡಬ್ಯಾಡೋ," ಎಂದ ತಿಪ್ಪೇಶ, ಉಸಿರಿನಷ್ಟೇ ದನಿಯಲ್ಲಿ. ಬೆರಳು ಮುರಿದ ನಿರಂಜನ ಕೈ ಬಿಟ್ಟ. ಮರುದಿನ ತಿಪ್ಪೇಶ ಒಬ್ಬನೇ ಸತ್ತ. ಆ ಅಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನರ್ಸಿಂಗ್ ಹೋಮ್ ಮುಚ್ಚಿತು. ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಾಮಾನು ಬಾಡಿಗೆ ಕೊಡುವವನೊಬ್ಬ ನನ್ನನ್ನು ಕೊಂಡು ನೀಲಿ ಬಣ್ಣ ಬಳಿದ. ನನ್ನ ಮೇಲೆ ಎಷ್ಟು ಸೊಸೆಯಂದಿರು ಕೋಮಾದಿಂದ ಎದ್ದರೋ! ಕುಂಕುಮವೂ ಅಳಿಸಿರುತ್ತಿರಲಿಲ್ಲ.

ಕೊನೆಗೆ ಇಬ್ಬರು ಗಂಡಸರ ಪ್ರೀತಿಯ ಕಥೆಯೊಂದು ಬಂತು. ಚಾನೆಲ್‌ನವರು ಒಪ್ಪಿದ್ದು ಒಂದೇ ಷರತ್ತಿಗೆ: ಒಬ್ಬ ಸಾಯಬೇಕು. ಸಾಯುವವನ ಪಾತ್ರ ಲೋಹಿತ್ ಎಂಬ ನಟನದು. ಉಳಿಯುವವನಾಗಿ ಬಂದವನು ನಮ್ಮ ನಿರಂಜನ! ತಲೆ ನರೆತಿತ್ತು, ಬೆರಳುಗಳು ಸೊಟ್ಟಗಾಗಿದ್ದವು. ನೀಲಿ ಬಣ್ಣದ ನನ್ನ ಗುರುತು ಅವನಿಗೆ ಹತ್ತಲಿಲ್ಲ.

ದೃಶ್ಯ ಇಷ್ಟೇ: ಲೋಹಿತ್ ಸಾಯುತ್ತಾನೆ, ಸತ್ತವನ ಅಣ್ಣ ಬಂದು ನಿರಂಜನನನ್ನು ಹೊಡೆದು ಎಳೆಯುತ್ತಾನೆ, ನಿರಂಜನ ಕಂಬಿ ಬಿಡುತ್ತಾನೆ.

"ಜೋರಾಗ್ ಹೊಡೀರಿ ಸಾರ್, ಏಟು ಕಾಣ್ಬೇಕು," ಎಂದರು ನಿರ್ದೇಶಕರು. ಅಣ್ಣನ ಪಾತ್ರಧಾರಿ ನಿಜವಾಗಿಯೇ ಹೊಡೆದ. ನಿರಂಜನನ ತುಟಿ ಒಡೆದು ರಕ್ತ ನನ್ನ ಹಾಸಿಗೆಗೆ ಸಿಡಿಯಿತು. ಅವನು ಕಂಬಿ ಬಿಡಲಿಲ್ಲ.

"ಕೈ ಬಿಡ್ರೀ! ಸ್ಕ್ರಿಪ್ಟಲ್ಲಿ ಹಂಗಿದೆ!"

"ಒಂದ್ಸಲ ಬಿಟ್ಟಿದ್ದೆ ಸಾರ್. ಇನ್ನ ಬಿಡಲ್ಲ."

ರೇಗಿದ ಪಾತ್ರಧಾರಿ ಅವನ ಹೊಟ್ಟೆಗೆ ಒದ್ದು ಜಗ್ಗಿದ. ನನ್ನ ಹಳೆಯ ಬೆಸುಗೆ ಇನ್ನೂ ತಡೆಯುತ್ತಿತ್ತು, ನಾನೇ ಬಿಟ್ಟುಕೊಟ್ಟೆ. ಕಂಬಿ ಕಿತ್ತು ನಿರಂಜನನ ಕೈಗೆ ಬಂತು. ಅವನು ಅದನ್ನು ಪಾತ್ರಧಾರಿಯ ತಲೆಯ ಮೇಲೆ ಎತ್ತಿದ. ಕೊಲೆಯೇ ಆಗಿಹೋಗುತ್ತಿತ್ತು.

ಆಗ ಹೆಣ ಎದ್ದು ಕುಳಿತಿತು. ಲೋಹಿತ್ ಅವನ ಮಣಿಕಟ್ಟು ಹಿಡಿದು, "ಬೇಡ ನಿರಂಜನಣ್ಣ, ನಾನಿದ್ದೀನಲ್ಲ," ಎಂದ. ನಿರಂಜನ ಕೈ ಇಳಿಸಿ ಗೊಳೋ ಎಂದು ಅತ್ತ.

ಸಾವಿನ ದೃಶ್ಯ ಮಾಡಿದವನು ಅಪಶಕುನ ಕಳೆಯಲು ಕ್ಯಾಮೆರಾ ನೋಡಿ ನಗಬೇಕು, ಅದು ಶೂಟಿಂಗಿನವರ ಪದ್ಧತಿ. ಲೋಹಿತ್ ಆ ಮಣಿಕಟ್ಟು ಹಿಡಿದುಕೊಂಡೇ ನಕ್ಕ. ಆ ನಗುವನ್ನು ಯಾರೂ ಪ್ರಸಾರ ಮಾಡಲಿಲ್ಲ. ಗೋಡೌನಿನ ಟಿವಿಯಲ್ಲಿ ನಾನು ನೋಡಿದ್ದು ಕಂಬಿ ಬಿಡುವ ಕೈಯನ್ನೇ. ಅದು ಬೇರೆ ಯಾರದೋ ಕೈ, ಬೆರಳುಗಳು ನೆಟ್ಟಗಿದ್ದವು.

ಈಗ ಗುಜರಿಯಲ್ಲಿ ಬಿದ್ದಿದ್ದೇನೆ. ನೋಡಲು ಬಂದವರು, "ಇನ್ನೊಂದು ಕಂಬಿ ಎಲ್ಲೋಯ್ತು?" ಎಂದು ಕೇಳುತ್ತಾರೆ. ಅವತ್ತು ಸ್ಟುಡಿಯೋ ಗೇಟು ದಾಟುವಾಗ ಅದು ನಿರಂಜನನ ಕೈಯಲ್ಲಿತ್ತು. ಅವನು ಅದನ್ನು ಬಿಟ್ಟಿರಲಾರ.